ಮಳೆಗಾಲದಲ್ಲಿ ಚಾಕು ಮೊಂಡಾಗುವ ಬಗ್ಗೆ

ತೀರ್ಥಹಳ್ಳಿಯಲ್ಲಿ ಮಳೆ ಹಿಡಿದ ಮೇಲೆ ಕಬ್ಬಿಣದ ಚಾಕು ವಾರವಾರ ಮಸೆದರೂ ಮೊಂಡಾಗುತ್ತದೆ, ಚಮಚಗಳ ಜೊತೆ ಡ್ರಾಯರಿನಲ್ಲಿಡುತ್ತೇನೆ ಎಂದಿದ್ದೀರಿ. ನನಗನಿಸುವುದು, ತೊಂದರೆ ಇರುವುದು ಮಸೆಯುವುದರಲ್ಲಲ್ಲ, ಆ ಡ್ರಾಯರಿನಲ್ಲಿ. ಮಸೆದ ಅಂಚು ಕೂದಲಿಗಿಂತ ತೆಳು. ಚಮಚಕ್ಕೆ ತಾಗಿದರೆ ಮಡಚಿಕೊಳ್ಳುತ್ತದೆ, ತೇವ ಕೂತರೆ ತುಕ್ಕು ಮೊದಲು ತಿನ್ನುವುದೂ ಅದನ್ನೇ.

ಹೆಚ್ಚಿದ ಕೂಡಲೇ ತೊಳೆದು, ಚಾಕುವಿನ ಬೆನ್ನಿನ (ಹರಿತವಿಲ್ಲದ ದಪ್ಪ ಬದಿ) ಕಡೆಯಿಂದ ಒಣಬಟ್ಟೆಯಲ್ಲಿ ಒರೆಸಿ. ಮಾವಿನಮಿಡಿ, ನಿಂಬೆ, ಕಂಚಿಕಾಯಿ ಹೆಚ್ಚಿದ ಚಾಕುವನ್ನಂತೂ ಸಿಂಕಿನಲ್ಲಿ ಬಿಡಲೇಬೇಡಿ, ಹುಳಿಗೆ ಕೆಲವೇ ನಿಮಿಷದಲ್ಲಿ ಕಪ್ಪಾಗುತ್ತದೆ. ಒರೆಸಿದ ಮೇಲೆ ಎರಡೂ ಬದಿಗೆ ಒಂದೊಂದು ಹನಿ ಕೊಬ್ಬರಿ ಎಣ್ಣೆ ಸವರಿ.

ಗಾಳಿಯಾಡುವ ಒಳಗೋಡೆಗೆ ಅಯಸ್ಕಾಂತದ ಪಟ್ಟಿ ಹಾಕಿಸಿದರೆ ಒಳ್ಳೆಯದು (ಹೊರಗೋಡೆ ಆಷಾಢದಲ್ಲಿ ಬೆವರುತ್ತದೆ). ಚಾಕುವಿನ ಬೆನ್ನನ್ನು ಮೊದಲು ತಾಗಿಸಿ ಆಮೇಲೆ ಮಲಗಿಸಿ. ತೆಗೆಯುವಾಗ ಬೆನ್ನಿನ ಮೇಲೇ ಹೊರಳಿಸಿ ಎತ್ತಿ. ಚರ್ಮದ ಒರೆ ಬೇಡವೇ ಬೇಡ, ತೇವ ಹಿಡಿದಿಡುತ್ತದೆ.

ಮಸೆಯುವಾಗ 4 ಸೆಂ.ಮೀ. ಅಗಲದ ಚಾಕುವಿಗೆ ಬೆನ್ನು ಕಲ್ಲಿನಿಂದ ಸುಮಾರು 1 ಸೆಂ.ಮೀ. ಮೇಲಿರಲಿ, ಆಗ ಚಾಕು ಕಲ್ಲಿಗೆ ಸುಮಾರು 15 ಡಿಗ್ರಿ ಓರೆಯಾಗಿರುತ್ತದೆ. ಹೆಚ್ಚಿದ ತರಕಾರಿಯನ್ನು ಮಣೆಯಿಂದ ಪಾತ್ರೆಗೆ ತಳ್ಳಲು ಬೆನ್ನನ್ನೇ ಬಳಸಿ. ಹಲಸಿನ ಮೇಣ ಅಂಟಿದ್ದರೆ ಕೆರೆಯದೆ, ಎಣ್ಣೆ ಬಟ್ಟೆಯಲ್ಲಿ ತಿಕ್ಕಿದರೆ ಬಿಡುತ್ತದೆ.