ಆರ್ಥೋಪೆಡಿಕ್ಸ್ ಅಥವಾ ನ್ಯೂರೋಸರ್ಜರಿ ಓದಿದವರಿಗೆ ಮತ್ತೆ ಸ್ಪೈನ್ ಫೆಲೋಶಿಪ್ (ಬೆನ್ನುಮೂಳೆ ಆಪರೇಷನ್‌ನ ಹೆಚ್ಚುವರಿ ತರಬೇತಿ) ಯಾಕೆ ಬೇಕು?

ಎಲುಬಿನ ಡಾಕ್ಟರಿಗೆ ಸ್ಕ್ರೂ ಹಾಕುವುದು ಗೊತ್ತು, ನ್ಯೂರೋಸರ್ಜನ್‌ಗೆ ನರ ಗೊತ್ತು. ಬೆನ್ನುಮೂಳೆಗೆ ಎರಡೂ ಬೇಕು, ಅಲ್ವಾ? ಅದಕ್ಕೇ ಈ ಫೆಲೋಶಿಪ್. ಸಾಮಾನ್ಯವಾಗಿ 1 ವರ್ಷ.

ಬೆನ್ನುಮೂಳೆಯೊಳಗೆ ಕೂರಿಸುವ ಪೆಡಿಕಲ್ ಸ್ಕ್ರೂ ಒಂದನ್ನೇ ನೋಡಿ. ಎದೆಯ ಮಟ್ಟದಲ್ಲಿ ಅದು ಹೋಗುವ ಎಲುಬಿನ ದಾರಿ ಕೆಲವೇ ಮಿಲಿಮೀಟರ್ ಅಗಲ. ಸ್ವಲ್ಪ ಒಳಕ್ಕೆ ಜಾರಿದರೂ ಸ್ಪೈನಲ್ ಕಾರ್ಡ್‌ಗೆ (ಬೆನ್ನುಹುರಿಗೆ) ಪೆಟ್ಟು ಬೀಳಬಹುದು. ಹಾಗಾಗಿ ಶವದ ಮೇಲೆ ಅಭ್ಯಾಸ, ಆಮೇಲೆ ಸೀನಿಯರ್ ಪಕ್ಕ ನಿಂತು ಸಹಾಯ, ಕೊನೆಗೆ ಅವರ ಕಣ್ಣೆದುರು ತಾವೇ ಆಪರೇಷನ್ ಮಾಡುವುದು. ಗೂನು, ಗೆಡ್ಡೆಯ ಆಪರೇಷನ್, ಸಣ್ಣ ರಂಧ್ರದಿಂದ ಕ್ಯಾಮೆರಾ ಹಾಕಿ ಮಾಡುವ ಎಂಡೋಸ್ಕೋಪಿಯೂ ಈ ತರಬೇತಿಯಲ್ಲಿ ಇರುತ್ತವೆ.

ನನ್ನ ಪ್ರಕಾರ ಓಪಿಡಿಯಲ್ಲಿ ಕಲಿಯುವುದೇ ಜಾಸ್ತಿ. ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಜಾರಿದ ಬಹುತೇಕರು ಆಪರೇಷನ್ ಇಲ್ಲದೆಯೇ ಕೆಲವು ವಾರಗಳಲ್ಲಿ ಸುಧಾರಿಸುತ್ತಾರೆ. ಎಂಆರ್‌ಐನಲ್ಲಿ ಏನೋ ಕಂಡಿತು ಅಂತ ಸುಮ್ನೆ ಕತ್ತರಿ ಹಿಡಿಯಬಾರದು.