1800ರ ಬೆಂಕಿಯಲ್ಲಿ ಅಮೆರಿಕದ ಯುದ್ಧ ಇಲಾಖೆಯ ಕಡತಗಳು ಸುಟ್ಟುಹೋದವು. ಆದರೂ ಜನರಲ್ ಆಂಥನಿ ವೇಯ್ನ್ ಪತ್ರಗಳು ಹೇಗೆ ಉಳಿದವು?

1800ರ ನವೆಂಬರ್ 8ರಂದು ವಾಷಿಂಗ್ಟನ್ನಿನಲ್ಲಿ ಸುಟ್ಟದ್ದು ಇಲಾಖೆಯ ಪ್ರತಿಗಳು ಮಾತ್ರ. ಆ ಕಾಲದ ಅಧಿಕಾರಿಗಳು ಕಳಿಸುವ ಪತ್ರದ ನಕಲನ್ನು ತಮ್ಮ ಬಳಿಯೂ ಇಟ್ಟುಕೊಳ್ಳುತ್ತಿದ್ದರು. 1792ರಿಂದ 'ಲೀಜನ್' ಎಂದು ಕರೆಯುತ್ತಿದ್ದ ಅಮೆರಿಕ ಸೈನ್ಯದ ದಂಡನಾಯಕನಾಗಿದ್ದ ವೇಯ್ನ್, ಯುದ್ಧ ಕಾರ್ಯದರ್ಶಿ ಹೆನ್ರಿ ನಾಕ್ಸ್‌ಗೆ ಬರೆದ ಪತ್ರಗಳ ಬಹುಪಾಲು ಹೀಗೇ ಉಳಿದಿದೆ; ದೊಡ್ಡ ಸಂಗ್ರಹ ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ಇತಿಹಾಸ ಸಂಘದಲ್ಲಿದೆ.

ಓದುವಾಗ ಎರಡು ಎಚ್ಚರ. ಉಳಿದಿರುವುದು ಕರಡಾಗಿದ್ದರೆ, ಹೊಡೆದುಹಾಕಿದ ಸಾಲುಗಳು ನಾಕ್ಸ್ ಕೈಗೆ ತಲುಪಿಯೇ ಇಲ್ಲದಿರಬಹುದು. ಇನ್ನು, ವೇಯ್ನ್ ಇದ್ದ ಗಡಿಯಿಂದ ಅಂಚೆ ಬರಲು ವಾರಗಟ್ಟಲೆ ಹಿಡಿಯುತ್ತಿತ್ತು. ಹಾಗಾಗಿ ಬರೀ ತಾರೀಖಿನ ಪ್ರಕಾರ ಜೋಡಿಸಿದರೆ ಪ್ರಶ್ನೆಗೂ ಉತ್ತರಕ್ಕೂ ತಾಳಮೇಳ ಇರುವುದಿಲ್ಲ. 'ನಿಮ್ಮ ಇಂಥ ತಾರೀಖಿನ ಪತ್ರ ತಲುಪಿತು' ಎಂಬ ಮೊದಲ ಸಾಲನ್ನು ಹಿಡಿದು ಜೋಡಿಸಿ.