ಕಿಟ್ ಲೆನ್ಸ್ ಶಾರ್ಪ್ ಇಲ್ಲ ಅಂತ ದುಬಾರಿ ಲೆನ್ಸ್ ಕೊಳ್ಳಬೇಕಾ?

ಕ್ಯಾಮೆರಾ ಜೊತೆಗೇ ಬರುವ 18-55 ಕಿಟ್ ಲೆನ್ಸ್‌ನಲ್ಲಿ ತೆಗೆದ ಯಕ್ಷಗಾನದ ಫೋಟೋ ನೋಡಿ ಗೆಳೆಯರು "ಶಾರ್ಪ್ ಇಲ್ಲ" ಅಂದರು, ಸಾಲ ಮಾಡಿಯಾದರೂ ಒಳ್ಳೆ ಲೆನ್ಸ್ ತಗೊಳ್ಳಬೇಕಾ, ಶಾರ್ಪ್ ಇಲ್ಲದ ಫೋಟೋಗೆ ಬೆಲೆಯೇ ಇಲ್ವಾ ಅಂತ ಕೇಳಿದ್ದೀರಿ.

ಸಾಲ ಬೇಡ. ನಾನೂ ಕರಾವಳಿಯಲ್ಲಿ ಆಟದ, ಅಂದರೆ ಯಕ್ಷಗಾನದ, ಫೋಟೋ ತೆಗೆಯುವವನೇ. ಆ ಲೆನ್ಸನ್ನು 55ಕ್ಕೆ ಜೂಮ್ ಮಾಡಿದರೆ ಅಪರ್ಚರ್ (ಬೆಳಕು ಒಳಗೆ ಬಿಡುವ ಕಿಂಡಿ, ಎಫ್ ಸಂಖ್ಯೆ ಸಣ್ಣದಾದಷ್ಟು ಕಿಂಡಿ ದೊಡ್ಡದು) ಎಫ್/5.6ಕ್ಕಿಂತ ಜಾಸ್ತಿ ತೆರೆಯುವುದಿಲ್ಲ. ರಂಗಸ್ಥಳದ ಬೆಳಕು ಸಾಲದೆ ಕ್ಯಾಮೆರಾ ಶಟರನ್ನು 1/30ಕ್ಕೆ ಇಳಿಸುತ್ತದೆ, ಅಂದರೆ ಸೆಕೆಂಡಿನ ಮೂವತ್ತನೇ ಒಂದು ಭಾಗದಷ್ಟು ಹೊತ್ತು ತೆರೆದಿಡುತ್ತದೆ. ದಿಗಿಣ ಹಾಕುವ, ಅಂದರೆ ಸುತ್ತುತ್ತಾ ಹಾರುವ, ವೇಷ ಅಷ್ಟು ಹೊತ್ತು ನಿಂತಿರುತ್ತದಾ? ಫೋಟೋ ದೊಡ್ಡದು ಮಾಡಿ ನೋಡಿ. ಕಿರೀಟದ ಹೊಳಪು ಗೆರೆಗೆರೆಯಾಗಿ ಎಳೆದುಕೊಂಡಿದ್ದರೆ ಶಟರ್ ನಿಧಾನವಾಗಿದೆ. ಹಿಂದೆ ಕೂತ ಭಾಗವತರ ಜಾಗಟೆ ಸ್ಪಷ್ಟವಾಗಿದ್ದು ಮುಂದಿನ ಮುಖ ಮಸುಕಾಗಿದ್ದರೆ ಫೋಕಸ್ ತಪ್ಪಿದೆ. ಎರಡಕ್ಕೂ ಪಾಪ ಲೆನ್ಸನ್ನು ಯಾಕೆ ಬೈಯಬೇಕು? ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸ್ಪಂದಿಸುತ್ತದೆ ಅನ್ನುವ ಅಳತೆ) 3200ಕ್ಕೋ 6400ಕ್ಕೋ ಏರಿಸಿ, ಶಟರ್ 1/250 ಇಡಿ. ಸ್ವಲ್ಪ ನಾಯ್ಸ್, ಅಂದರೆ ಕಾಳು ಕಾಳಾದ ಚುಕ್ಕಿ, ಬರುತ್ತದೆ, ಬರಲಿ.

ಇನ್ನೂ ಅನುಮಾನ ಇದ್ದರೆ ಗೋಡೆಗೆ ಒಂದು ಪೇಪರ್ ಅಂಟಿಸಿ, ಹಗಲು ಹೊತ್ತು ಟ್ರೈಪಾಡ್ ಮೇಲಿಟ್ಟು, ಎಫ್/8ರಲ್ಲಿ ಟೈಮರ್ ಹಾಕಿ ತೆಗೆಯಿರಿ. ಅಕ್ಷರ ನೀಟಾಗಿ ಬಂದರೆ ಲೆನ್ಸ್ ಸರಿಯಾಗೇ ಇದೆ.

ಇನ್ನು ಶಾರ್ಪ್‌ನೆಸ್ ದೊಡ್ಡದೋ ಫೋಟೋ ದೊಡ್ಡದೋ ಅನ್ನುವುದು. 1944ರ ಜೂನ್ 6ರಂದು ಎರಡನೇ ಮಹಾಯುದ್ಧದ ಫೋಟೋ ತೆಗೆಯುತ್ತಿದ್ದ ರಾಬರ್ಟ್ ಕಾಪಾ ಫ್ರಾನ್ಸಿನ ನಾರ್ಮಂಡಿಯ ಒಮಾಹಾ ತೀರದಲ್ಲಿ ಸೈನಿಕರ ಜೊತೆ ನೀರಿಗಿಳಿದಿದ್ದರು. ಕೈಯಲ್ಲಿದ್ದದ್ದು ಜರ್ಮನಿಯ ಕಾಂಟ್ಯಾಕ್ಸ್, ಆ ಕಾಲಕ್ಕೆ ಅತ್ಯುತ್ತಮ ಕ್ಯಾಮೆರಾಗಳಲ್ಲಿ ಒಂದು. ಆದರೂ ಅವರು ಅಲ್ಲಿ ತೆಗೆದ ಫೋಟೋದಲ್ಲಿ ನೀರಿನಲ್ಲಿ ತೆವಳುತ್ತಿರುವ ಸೈನಿಕನ ಮುಖ ಅಲುಗಾಡಿ ಮಸುಕಾಗಿದೆ. ಆ ದಿನದ ಬಗ್ಗೆ ಜನ ಇವತ್ತಿಗೂ ನೋಡುವುದು ಅದೇ ಫೋಟೋ.

ಅಷ್ಟು ದೂರ ಯಾಕೆ, ನನ್ನ ಹತ್ತಿರವೇ ಒಂದು ಮಹಿಷಾಸುರನ ಫೋಟೋ ಇದೆ. ದೊಂದಿಯ ಬೆಳಕಲ್ಲಿ ಜನರ ನಡುವಿಂದ ನುಗ್ಗಿ ಬರುತ್ತಿದ್ದಾನೆ. ಕೊಂಬು ಎಳೆದುಕೊಂಡಿದೆ, ಮುಖ ಗುರುತೇ ಸಿಗುವುದಿಲ್ಲ. ಪಕ್ಕದಲ್ಲಿ ಕುರ್ಚಿ ಮೇಲೆ ನಿಂತ ಹುಡುಗನೊಬ್ಬ ಗರ್ನಾಲು ಪಟಾಕಿಯ ಸದ್ದಿಗೆ ಎರಡೂ ಕಿವಿ ಮುಚ್ಚಿಕೊಂಡು, ಬಾಯಿ ಬಿಟ್ಟು ನೋಡುತ್ತಿದ್ದಾನೆ. ಮನೆಗೆ ಬಂದವರು ಅದರ ಮುಂದೆ ನಿಂತು ನಗುತ್ತಾರೆ. ಯಾವ ಲೆನ್ಸ್ ಅಂತ ಕೇಳುವವರು ಬರೀ ಫೋಟೋ ತೆಗೆಯುವವರು.

ಹಾಗಂತ ಶಾರ್ಪ್‌ನೆಸ್ ಸುಮ್ನೆ ಅಂತಲ್ಲ. ಬೇಲೂರಿನ ಮದನಿಕೆಯ ಕೈಬಳೆ, ಸರದ ಮಣಿ ತೋರಿಸಬೇಕು ಅಂದರೆ ಪ್ರತಿ ಗೆರೆಯೂ ಕಾಣಬೇಕು, ಆ ಫೋಟೋದ ವಿಷಯವೇ ಉಳಿಯ ಕೆಲಸ ಅಲ್ವಾ. ರಂಗನತಿಟ್ಟಿನಲ್ಲಿ ಹಕ್ಕಿ ತೆಗೆದರೆ ಕಣ್ಣು ಶಾರ್ಪ್ ಇರಲೇಬೇಕು. ಆದರೆ ಹಕ್ಕಿ ಫೋಟೋದ ಆ ಅಳತೆಗೋಲನ್ನು ಆಟದ ಫೋಟೋಗೂ ಹಿಡಿಯುವವರ ಮಾತು ಜಾಸ್ತಿ ತಲೆಗೆ ಹಚ್ಚಿಕೊಳ್ಳಬೇಡಿ. 6000 ಪಿಕ್ಸೆಲ್ ಅಗಲದ ಫೋಟೋವನ್ನು ಇನ್‌ಸ್ಟಾಗ್ರಾಮ್‌ಗೆ 1080ಕ್ಕೆ ಇಳಿಸಿ ಹಾಕಿದ ಮೇಲೆ ಅವರಿಗೂ ವ್ಯತ್ಯಾಸ ಕಾಣುವುದು ಕಷ್ಟ.

ಕೊಳ್ಳಲೇಬೇಕು ಅಂದರೆ 50 ಎಂಎಂ ಎಫ್/1.8 ತಗೊಳ್ಳಿ, ಬೆಲೆ ಕಮ್ಮಿ. ಶಾರ್ಪ್ ಅಂತಲ್ಲ, ಬೆಳಕಿಗಾಗಿ. ಎಫ್/5.6ಕ್ಕೆ ಹೋಲಿಸಿದರೆ ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕು ಒಳಗೆ ಬರುತ್ತದೆ. ಜೂಮ್ ಇರಲ್ಲ, ಹಾಗಾಗಿ ಮುಂದಿನ ಸಾಲಲ್ಲೇ ಜಾಗ ಹಿಡಿಯಬೇಕು. ಸೆಕೆಂಡ್ ಹ್ಯಾಂಡ್ ಆದರೆ ಟಾರ್ಚ್ ಬೆಳಕು ಹಾಯಿಸಿ ಒಳಗೆ ಫಂಗಸ್ ಇದೆಯಾ ನೋಡಿ. ನಮ್ಮ ಕಡೆಯ ತೇವಕ್ಕೆ ಅದು ಬೇಗ ಹಿಡಿಯುತ್ತದೆ.